ಲಕ್ಷ್ಮೇಶ್ವರದ ಮೊಡೆಮ್

ಗದಗ ಜಿಲ್ಲೆಯಾದ ಮೊದಲ ವರ್ಷಗಳಲ್ಲಿ, ಲಕ್ಷ್ಮೇಶ್ವರದಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ ಹೆಂಗಸೊಬ್ಬರು ಕಂಪ್ಯೂಟರ್ ಕೊಳ್ಳಲು ಹೊರಟರು. ಊರೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿತ್ತು. ಹತ್ತನೇ ತರಗತಿಯ ಫಲಿತಾಂಶ ಇಂಟರ್ನೆಟ್ಟಿನಲ್ಲಿ ಬರುತ್ತದೆ, ಅದಕ್ಕಾಗಿ ನಮ್ಮ ಮಕ್ಕಳು ಗದಗಿಗೆ ಓಡಬಾರದು ಎಂಬುದು ಅವರ ಹಟ. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕೋಣ ಎಂದವನು ಅವರ ಜೊತೆ ಹೊರಟಿದ್ದ ನಾನು. ಧಾರವಾಡದಲ್ಲಿ ಕಲಿತ ಸೊಕ್ಕು.

ಗದಗಿನ ಅಂಗಡಿಯಲ್ಲಿ ನನ್ನ ಸಿ.ಡಿ. ಹಾಕಿ ನೋಡಿದೆ. ಪರದೆ ಬಂತು, ಮೌಸು ಓಡಿತು, ಹಾಡೂ ಕೇಳಿಸಿತು. ಫೋನಿಗೆ ಜೋಡಿಸುವ ಮೊಡೆಮ್ ಒಂದನ್ನು ಮಾತ್ರ ಪರೀಕ್ಷಿಸಲಿಲ್ಲ. ಆ ಟೇಬಲ್ಲಿನ ಹತ್ತಿರ ಫೋನಿನ ತಂತಿ ಇರಲಿಲ್ಲ. "ಅದೂ ನಡೀತೈತ್ರಿ" ಎಂದವನು ಅಂಗಡಿಯವ ಎಂದು ನನ್ನ ನೆನಪು. ಹಾಗೆಂದವನು ನಾನೇ ಎಂದು ಆಪಾ ಹೇಳುತ್ತಾರೆ. ಇಂದಿಗೂ ನನಗೆ ಖಾತ್ರಿಯಿಲ್ಲ.

ಊರಿಗೆ ತಂದ ಮೇಲೆ ಮೊಡೆಮ್ ಉಸಿರೆತ್ತಲಿಲ್ಲ. ಬಿಚ್ಚಿ ನೋಡಿದರೆ, ಅರ್ಧ ಕೆಲಸವನ್ನು ವಿಂಡೋಸ್ ಮೇಲೆ ಹೊರಿಸುವ, ಲಿನಕ್ಸಿನಲ್ಲಿ ನಡೆಯದ ಅಗ್ಗದ ಕಾರ್ಡು. ಫಲಿತಾಂಶಕ್ಕೆ ಎರಡೇ ದಿನ. ನನಗೆ ಮೈಯೆಲ್ಲ ಉರಿಯಿತು. ಬೆಟಗೇರಿಯ ಸೀರೆ ಅಂಗಡಿಗಳಲ್ಲಿ ಹೆಂಗಸರು ಒಂದು ಸೀರೆಗೆ ಇಪ್ಪತ್ತು ಸೀರೆ ಬಿಚ್ಚಿಸುತ್ತಾರೆ, ಸೆರಗನ್ನು ಬಿಸಿಲಿಗೆ ಹಿಡಿಯುತ್ತಾರೆ, ಕೊಳ್ಳದೆ ಎದ್ದು ಬಂದರೂ ನಡೆಯುತ್ತದೆ. ಈ ಪೆಟ್ಟಿಗೆಯೊಳಗೆ ಏನಿದೆ ಎಂದರೆ ಮಾರುವವನಿಗೇ ಗೊತ್ತಿಲ್ಲ! ಹೊರಗಿನ ಹೆಸರು ಅದೇ, ಒಳಗಿನ ಚಿಪ್ ಮಾತ್ರ ಸಲಕ್ಕೊಂದು.

ಮರುದಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಇಬ್ಬರೂ ಗದಗಿಗೆ ಹೋದೆವು.

"ವಿಂಡೋಸ್ ಹಾಕ್ಕೊಳ್ರಿ ಸರ, ಜಲ್ದಿ ಮುಗೀತೈತಿ," ಅಂಗಡಿಯವ ನಕ್ಕ. "ಸೀಲ್ ಒಡದ ಮಾಲ್ ವಾಪಸ್ ತಗೊಳ್ಳಂಗಿಲ್ಲ."

ನಾನು ಭಾಷಣ ಶುರು ಮಾಡಿದೆ.

"ಸುಮ್ನಿರೋ ತಮ್ಮಾ, ಆ ಕಾಲೇಜ್ ಧಾರವಾಡದಾಗ ಬಿಟ್ಟು ಬಾ" ಎನ್ನುತ್ತ ಆಪಾ ಅಂಗಡಿಯವನ ಹಣದ ಗಲ್ಲೆಯ ಮೇಲಿದ್ದ ಫೋನಿನ ತಂತಿಯನ್ನು ಕಿತ್ತು ನನ್ನ ಕೈಗಿಟ್ಟರು.

"ಅಯ್ಯ ಆಪಾ, ಗಿರಾಕಿ ಫೋನ್ ಬರ್ತಾವ್ರಿ!"

"ಬರ್ಲಿ. ನಾವೂ ಗಿರಾಕಿನ ಅದೀವಿ, ಬೀಗರೇನಲ್ಲ. ಇದ್ದ ಮೊಡೆಮ್ ಎಲ್ಲಾ ತೆಗೀರಿ. ಒಂದೊಂದ ಹಚ್ಚಿ ನೋಡ್ತೀವಿ."

ಎರಡು ಕಾರ್ಡು ಸುಮ್ಮನೆ ಕೂತವು. ಮೂರನೆಯದು ಪೆಟ್ಟಿಗೆಯ ಹೊರಗಿಡುವಂಥದು, ಅಟ್ಟದಿಂದ ಧೂಳು ಸಮೇತ ಇಳಿದದ್ದು. ಹಚ್ಚಿದ ಕೂಡಲೇ ಬೀದಿಗೆಲ್ಲ ಕೇಳುವಂತೆ ಚೀರಿ ಡಯಲ್ ಮಾಡಿತು. ಆಪಾ ನಮ್ಮ ಕಾರ್ಡನ್ನು ಗಲ್ಲೆಯ ಮೇಲಿಟ್ಟು, ಬದಲಿಗೆ ಚೀರಿದ ಆ ಮೊಡೆಮನ್ನು ಚೀಲಕ್ಕೆ ಹಾಕಿಕೊಂಡರು. ಅಂಗಡಿಯವ ಗೊಣಗುತ್ತ ಆ ಕಾರ್ಡನ್ನು ಒರೆಸಿ, ಮತ್ತೆ ಕವರಿಗೆ ಸೇರಿಸಿ ಶೋಕೇಸಿನಲ್ಲಿಟ್ಟ. ಇದೊಂದು ನಾನು ಕಣ್ಣಾರೆ ಕಂಡದ್ದು, ಇದರಲ್ಲಿ ಅನುಮಾನವಿಲ್ಲ.

ಫಲಿತಾಂಶದ ಬೆಳಿಗ್ಗೆ ಮಕ್ಕಳು ಕ್ಲಾಸಿನ ಮೆಟ್ಟಿಲ ತನಕ ನಿಂತಿದ್ದರು. ಪುಟ ತೆರೆಯಲು ಕಾಲು ತಾಸು ಹಿಡಿಯಿತು. ಆಪಾ ನಂಬರು ಕೂಗತೊಡಗಿದರು. ಗದಗಿನ ಬಸ್ಸನ್ನು ಅವರಲ್ಲಿ ಯಾರೂ ಹತ್ತಲಿಲ್ಲ.