ಹನ್ನೆರಡು ಮೊಳದ ಹಾವು

ಸುಳ್ಳು ಹೇಳೋದ್ರಾಗ ಸಿಂಧನೂರು ತಾಲೂಕಿನ್ಯಾಗ ನನ್ನ ಮೀರಿಸೋರಿಲ್ಲ. ಮಗ ಹೆಂಗ ಸತ್ತ ಅಂತ ಕೇಳಿದೋರಿಗೆ ಗದ್ದ್ಯಾಗ ಹಾವು ಕಡೀತು ಅಂತಿದ್ದೆ. ಮೊದಲ ವರ್ಷ ಆ ಹಾವು ಮೂರು ಮೊಳ ಇತ್ತು, ಬೆಳಕೋತ ಬೆಳಕೋತ ಹನ್ನೆರಡಾಯ್ತು.

ಮಸ್ಕಿ ಬಸ್ಸಿನ್ಯಾಗ ಬಾಜೂಕ ಕುಂತಿದ್ದ ವಲಸಿ ಬಂದೋರ ಬಂಗಾಲಿ ಕ್ಯಾಂಪಿನ ಹೆಣ್ಮಗಳು, ಕಾಲ ಹತ್ರ ಮೀನಿನ ಬುಟ್ಟಿ ಇಟಗೊಂಡು, ಪೂರಾ ಕಥಿ ಕೇಳಿದಳು.

"ನನ್ನ ಮಗನೂ ಹೋಗ್ಯಾನ ಅಜ್ಜಾ. ಹಾವು ಕಡದಿಲ್ಲ, ತಾನೇ ಜೀವ ಕಳಕೊಂಡಾನ," ಅಂದಳು.

ಮಸ್ಕಿ ಬಂತು. ಇಳಿಯೋ ಮುಂದ, "ನಮ್ಮವನೂ ತಾನೇ ಹೋದನವ್ವಾ," ಅಂದೆ. ಅಷ್ಟು ವರ್ಷದಾಗ ಅದೇ ಮೊದಲು.

"ಏನ್ ಹೆಸರು ಅವಂದು?"

"ಹುಲಿಗೆಪ್ಪ."

ಹಾವಿನ ಉದ್ದ ಕೇಳಿದೋರು ಊರತುಂಬ ಅದಾರ, ಹೆಸರು ಕೇಳಿದಾಕಿ ಅಕಿ ಒಬ್ಬಾಕಿನೇ. ಹಾವಿನ ಕಥಿ ಈಗಲೂ ಹೇಳ್ತೀನಿ. ಹದಿನಾಲ್ಕು ಮೊಳ ಆಗ್ಯಾದ, ಆದರ ಅದು ಯಾರನ್ನೂ ಕಡಿಯಂಗಿಲ್ಲ.