ಭೀಮೆಯ ತಗ್ಗಿನ ಕೆಂಪು ಬಾವುಟಗಳು

ಹೋದ ಬೇಸಿಗೆಯಲ್ಲಿ ಭೀಮಾ ನದಿಯ ದಂಡೆಯಲ್ಲಿರುವ ನಮ್ಮ ಹೊಲದಲ್ಲಿ ಯಾರೋ ಕೆಂಪು ಬಾವುಟ ನೆಟ್ಟು ಹೋದರು. ಸುದ್ದಿ ತಿಳಿದು, ನಾನು ಪಾಠ ಹೇಳುವ ಆಲಮೇಲದಿಂದ ಬಸ್ಸು ಹಿಡಿದು ತವರಿಗೆ ಬಂದೆ.

"ಭೂಮಿ ಕಸಗೊಳ್ಳಾಕ ಬಂದಾರ. ನೀ ಸಾಲಿ ಕಲತಾಕಿ, ಹೋಗಿ ಕೇಳು," ಎಂದಳು ಅವ್ವ.

ಬಾವುಟ ನೆಡಿಸಿದ್ದು ಸರ್ಕಾರದ ಒಬ್ಬರು ಮಹಿಳಾ ಎಂಜಿನಿಯರ್; ಅವ್ವನನ್ನೂ ಕರೆದುಕೊಂಡು ಹೋಗಿ ಕಂಡೆ. ಮೊದಲು ಕರಾವಳಿಯಲ್ಲಿದ್ದವರು. ಏರುವ ಸಮುದ್ರಕ್ಕೆ ಯಾವ ಜೌಗು ಬಿಟ್ಟುಕೊಡಬೇಕು, ಯಾವ ಕೇರಿಯನ್ನು ಮೇಲಕ್ಕೆ ಸಾಗಿಸಬೇಕು ಎಂದು ನಕ್ಷೆ ಮಾಡಿದ್ದರು. ಇಲ್ಲಿ ಭೀಮೆಯ ನೆರೆಗೂ ಅಂಥದೇ ಕೆಲಸ: ಬಾವುಟ ನೆಟ್ಟ ದಂಡೆಯ ತಗ್ಗನ್ನು ನೀರಿಗೆ ಬಿಡುವುದು, ನಮ್ಮ ಮನೆಯಿರುವ ಕೆಳಗಿನ ಓಣಿಯನ್ನು ದಿಬ್ಬಕ್ಕೆ ಸಾಗಿಸುವುದು.

"ಸಮುದ್ರ ಎಲ್ಲೈತಿ, ನಮ್ಮೂರು ಎಲ್ಲೈತ್ರಿ?" ಅವ್ವ ಬಾಯಿ ಹಾಕಿದಳು.

"ನಿಮ್ಮ ಓಣಿಗೆ ನೆರೆ ಬಂದಿಲ್ವಾ, ಅಮ್ಮಾ?"

ಬಂದಿತ್ತು. ಆದರೂ ಅವ್ವ ಅವರನ್ನು ನಂಬಲಿಲ್ಲ. ನಾನೂ ನಂಬಲಿಲ್ಲ. ನಮ್ಮದೂ ಪಕ್ಕದ ಗೌಡರದೂ ಒಂದೇ ತಗ್ಗಿನ ಹೊಲ. ನಮ್ಮದರ ನಡುವೆ ಬಾವುಟಗಳ ಸಾಲು, ಗೌಡರ ಕಬ್ಬಿನಲ್ಲಿ ಒಂದೂ ಇಲ್ಲ. ಗೌಡರ ಮನೆಯಲ್ಲಿ ಈಕೆಗೆ ಊಟವಾಗಿರಬೇಕು ಎಂದುಕೊಂಡೆ. ಮುಖಕ್ಕೇ ಕೇಳಿದೆ.

ಅವರು ನೇರ ನಮ್ಮ ಹೊಲಕ್ಕೆ ನಡೆದರು. ಸಾಲು ನೋಡಿ ನಿಂತುಬಿಟ್ಟರು. "ನಾನು ನೆಡಿಸಿದ್ದು ಇಲ್ಲಲ್ಲ, ಆ ಕಬ್ಬಿನಲ್ಲಿ."

ಗೌಡರ ಕಬ್ಬಿನೊಳಗೆ ಹೊಕ್ಕರೆ ಬಾವುಟ ಕಿತ್ತ ತೂತುಗಳು ಹಾಗೇ ಇದ್ದವು. ಗೌಡರ ಮನೆಗೆ ಹೊರಟಿದ್ದೆ, ಅಷ್ಟರಲ್ಲಿ ಬದುವಿನ ಮೇಲಿದ್ದ ಕಾಕಾ ಎದ್ದು ನಿಂತ. ಅಪ್ಪನ ತಮ್ಮ, ತನ್ನ ಪಾಲಿನ ಭೂಮಿ ಎಂದೋ ಮಾರಿಕೊಂಡು, ಬೆಳೆ ಹಂಚಿಕೊಳ್ಳುವ ಕರಾರಿನ ಮೇಲೆ ಗೌಡರ ಹೊಲವನ್ನೇ ಪಾಲಿಗೆ ಮಾಡುತ್ತಿದ್ದ.

"ಅಲ್ಲಿಗೆ ಯಾಕ ಹೊಂಟಿ? ಕಿತ್ತಾಂವ ನಾನ."

"ನಮ್ಮ ಹೊಲದಾಗ ಹಚ್ಚಾಕ ಮನಸರ ಹೆಂಗ ಬಂತು ಕಾಕಾ?"

"ನಿಮ್ಮವ್ವನ ಹೆಸರಿಲೆ ಭೂಮಿ ಐತಿ, ಪರಿಹಾರ ಬರ್ತೈತಿ. ಗೌಡರಿಗೂ ಬರ್ತೈತಿ. ಪಾಲಿಗೆ ಮಾಡಾಂವಗ ಯಾರ ಕೊಡ್ತಾರ?"

ಎಂಜಿನಿಯರ್ ನಿಧಾನವಾಗಿ ಹೇಳಿದರು: "ಪಾಲಿಗೆ ಮಾಡೋರ ವಿಷಯಾನೂ ವರದಿಯಲ್ಲಿ ಹಾಕ್ತೀನಿ."

"ಹಾಕಿದ್ರ ಸಿಗತೈತೇನ್ರಿ?"

"ಗೊತ್ತಿಲ್ಲ."

ಕಾಕಾ ಅವರನ್ನೇ ದಿಟ್ಟಿಸಿದ. "ಸಿಗತೈತಿ ಅಂದಿದ್ರ ನಂಬತಿದ್ದಿಲ್ಲ," ಎಂದು ನಮ್ಮ ಹೊಲದ ಬಾವುಟಗಳನ್ನು ಕಿತ್ತು ಕಬ್ಬಿನೊಳಗಿನ ಮೊದಲಿನ ತೂತುಗಳಿಗೇ ತುರುಕಿದ.

ಅವ್ವ ಆ ವಾರವೆಲ್ಲ ಅವನೊಂದಿಗೆ ಮಾತಾಡಲಿಲ್ಲ. ಆಮೇಲೆ ಒಂದು ಮುಂಜಾನೆ ಅವನನ್ನೇ ಕರೆದುಕೊಂಡು ದಿಬ್ಬ ನೋಡಿ ಬಂದಳು. "ಮೊದಲ ಸರ್ಕಾರದವ್ರು ದಿಬ್ಬದ ಮ್ಯಾಲ ಬೋರ್ ಹೊಡಸ್ಲಿ, ನೀರು ಬಿದ್ರ ಹೋಗೂದು ನೋಡೂಣು," ಎಂದಳು. ಬೋರ್ ಇನ್ನೂ ಹೊಡೆದಿಲ್ಲ. ಕೆಳಗಿನ ಓಣಿಯಿಂದ ಯಾರೂ ದಿಬ್ಬಕ್ಕೆ ಎದ್ದಿಲ್ಲ.