ತುರುಬಿನ ಎತ್ತರ

ತೂಕ ಇಳಿಸುವ ಆಪರೇಷನ್ನಿಗೆ ಬಂದ ಗುಡೇಮಾರನಹಳ್ಳಿಯ ಕೆಂಪಮ್ಮನ ಬೊಜ್ಜು ಎರಡನೇ ದರ್ಜೆಯದೆಂದು ಬರೆದು, ನರ್ಸ್ ಅವಳನ್ನು ಪಟ್ಟಿಯಿಂದ ಕೈಬಿಟ್ಟಿದ್ದಳು; ನಮ್ಮಲ್ಲಿ ಆಪರೇಷನ್ ಮೂರನೇ ದರ್ಜೆಯವರಿಗೆ ಮಾತ್ರ. ತೂಕವನ್ನು ಎತ್ತರದೊಡನೆ ಹೋಲಿಸಿ ನಾವು ದರ್ಜೆ ಹೇಳುತ್ತೇವೆ. ಆ ಎತ್ತರದಲ್ಲಿ ತುರುಬೂ ಸೇರಿತ್ತು. ಮೇಟ್ರನ್ ಆದ ನಾನು ಒಪ್ಪಲಿಲ್ಲ.

"ತುರುಬು ಬಿಚ್ಚಿ."

"ತಲೆ ಕೆದ್ರಿಕೊಂಡು ನಿಲ್ಲಾಕೆ ನಮ್ಮನೇಲಿ ಯಾರಾದ್ರೂ ಸತ್ತವ್ರಾ, ಮೇಡಮ್ಮೋರೇ?"

"ಹಾಗಾದರೆ ಆಪರೇಷನ್ ಬೇಡವೇ?"

"ಬೇಕು ಕಣ್ರವ್ವ. ಕುಕ್ಕರುಗಾಲಲ್ಲಿ ಕೂತು ಹಸ ಕರ್ದು ವರ್ಸಾಯ್ತು. ಮೊದ್ಲು ನೀವ್ ಬಿಚ್ಚಿ, ನೋಡಾನ."

ಕಾನ್ವೆಂಟಿನ ಶಿಸ್ತಿನಲ್ಲಿ ಬೆಳೆದ ನಾನು ಡ್ಯೂಟಿಯಲ್ಲಿ ಎಂದೂ ಬಿಚ್ಚದ ತುರುಬಿನ ಪಿನ್ನುಗಳನ್ನು ಒಂದೊಂದಾಗಿ ತೆಗೆದೆ. ಕೆಂಪಮ್ಮ ನಕ್ಕು ತಾನೂ ಬಿಚ್ಚಿದಳು. ಎತ್ತರ ಐದು ಸೆಂಟಿಮೀಟರ್ ಇಳಿಯಿತು, ದರ್ಜೆ ಮೂರಕ್ಕೇರಿತು, ಹೆಸರು ಪಟ್ಟಿ ಸೇರಿತು.

ಅವಳು ಹೋದ ಮೇಲೆ, ತುರುಬು ಕಟ್ಟುವ ಮೊದಲು, ನಾನೂ ಅಳತೆಗೆ ನಿಂತೆ; ನಾನೂ ಇಳಿದಿದ್ದೆ. ನನ್ನ ಸರ್ವೀಸ್ ರಿಜಿಸ್ಟರಿನಲ್ಲಿರುವ ಎತ್ತರವನ್ನು ಮಾತ್ರ ತಿದ್ದಲಿಲ್ಲ.